ಎಣಿಸಬಾರದ ತಲೆ

ಸಂಸಾರ ಪ್ರೀತಿಯಿಂದ ನಡೆಯುತ್ತದೆ ಎಂದು ಹೇಳುವವರು ಬಹಳ ಮಂದಿ. ನಾನು ಅವರ ಜೊತೆ ವಾದಕ್ಕೆ ಇಳಿಯುವುದಿಲ್ಲ. ಆದರೆ ಈ ಪ್ರೀತಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತದೆ, ಚಪ್ಪಲಿಯನ್ನು ಎಲ್ಲಿ ಬಿಡುತ್ತದೆ, ನೀರು ಕುಡಿದ ಲೋಟವನ್ನು ಮತ್ತೆ ಅದರ ಜಾಗದಲ್ಲಿ ಇಡುತ್ತದೆಯೋ ಇಲ್ಲವೋ ಎಂಬುದನ್ನು ಅವರು ಹೇಳುವುದಿಲ್ಲ. ನನ್ನ ಮಟ್ಟಿಗೆ ಮನೆ ನಡೆಯುವುದು ಎಣಿಕೆಯಿಂದ. ಯಾದಗಿರಿಯ ನಮ್ಮ ಮನೆಯಲ್ಲಿ ಪ್ರತಿ ಸಂಜೆ ಊಟಕ್ಕೆ ಮುಂಚೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲರೂ ಬಂದಿದ್ದಾರೆಯೇ ಎಂದು ಎಣಿಸುತ್ತೇನೆ. ಬೆರಳು ತೋರಿಸಿ ಅಲ್ಲ, ಬರೀ ಕಣ್ಣಿನಿಂದ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ. ನಾನು ಹಾಗೆ ನಿಂತದ್ದನ್ನು ಕಂಡ ಕೂಡಲೇ ಸೊಸೆ ಒಳಗಿನಿಂದ ಮಕ್ಕಳಿಗೆ, "ಸುಮ್ಮ ಕುಂದರ್ರಿ, ಮಾವಾರು ಗಾಡಿ ಬಿಡೋ ಹೊತ್ತಾತು" ಅನ್ನುತ್ತಾಳೆ. ನಾನು ನಿವೃತ್ತನಾಗುವವರೆಗೆ ರೈಲಿನಲ್ಲಿ ಗಾರ್ಡ್ ಆಗಿದ್ದವನು. ಅಲ್ಲಿಂದಲೇ ಈ ರೋಗ ಅಂಟಿಕೊಂಡಿತು ಎಂದು ಓಣಿಯವರೆಲ್ಲ ನಂಬಿದ್ದಾರೆ. ಅದು ನಿಜವಲ್ಲ. ರೋಗ ಅದಕ್ಕಿಂತ ಹಳೆಯದು.

ಇತ್ತೀಚೆಗೆ ಈ ಎಣಿಕೆಯ ಮಾನ ಸ್ವಲ್ಪ ಹೋಯಿತು. ಮನೆಮಂದಿಯೆಲ್ಲ ಕೊಡೇಕಲ್ಲಿಗೆ ಹೋಗಿಬರುವುದೆಂದು ಬಾಡಿಗೆಯ ಜೀಪು ತರಿಸಿದ್ದೆವು. ನಾನು ಬಾಗಿಲ ಪಕ್ಕ ನಿಂತು ಒಬ್ಬೊಬ್ಬರನ್ನೇ ಹತ್ತಿಸಿದೆ, ಬುತ್ತಿಯ ಗಂಟು, ನೀರಿನ ಕೊಡ ಎಲ್ಲ ನೋಡಿದೆ, ಎಣಿಸಿದೆ, ಸರಿಯಿದೆ ಎಂದೆ, ಬಾಗಿಲು ಹಾಕಿದೆ. ಆಮೇಲೆ ಜೀವನವಿಡೀ ಮಾಡಿದಂತೆ ಕೈ ಮೇಲೆತ್ತಿದೆ. ಡ್ರೈವರ್ ಗಾಡಿ ಬಿಟ್ಟ. ನಾನು ಮನೆ ಮುಂದೆ ನಿಂತಿದ್ದೆ. ನನ್ನ ಹಿಂದೆ ಗಾರ್ಡ್ ಹತ್ತುವ ಬ್ರೇಕ್ ವ್ಯಾನ್ ಇರಲಿಲ್ಲ. ಜೀಪು ಊರು ದಾಟಿದ ಮೇಲೆ ಮೊಮ್ಮಗಳು ಭಾಗ್ಯಾಳಿಗೆ ಕಲ್ಲುಸಕ್ಕರೆ ನೆನಪಾಗಿ, ಅದನ್ನು ಜೇಬಿನಲ್ಲಿಟ್ಟುಕೊಂಡ ಅಜ್ಜನನ್ನು ಹುಡುಕಿದಳಂತೆ. ತಿರುಗಿ ಬಂದರು. "ನೀವ ಎಣಿಸಿದ್ರಿ, ನೀವ ಬರೋಬ್ಬರಿ ಅದ ಅಂದ್ರಿ" ಎಂದಳು ಸೊಸೆ. ಮಾತು ನ್ಯಾಯವಾಗಿತ್ತು. ಎಲ್ಲರೂ ನಕ್ಕರು. ನಾನೂ ನಕ್ಕೆ, ತುಸು ತಡವಾಗಿ. ಏಕೆಂದರೆ ಇಂಥದು ನನಗೆ ಎರಡನೆಯ ಸಲ. ಮೊದಲನೆಯದು ಸುರಪುರದಲ್ಲಿ, ನಾನು ಶಹಾಪುರದ ಬೋರ್ಡಿಂಗಿನ ಹುಡುಗನಾಗಿದ್ದಾಗ. ಆಗ ಯಾರೂ ನಕ್ಕಿರಲಿಲ್ಲ.

ನನ್ನ ತಂದೆ ವನದುರ್ಗದವರು, ಕುರಿ ಕಾಯುವವರು. ನಮ್ಮಲ್ಲಿ ಕುರಿಯನ್ನು ಎಣಿಸುವುದಿಲ್ಲ. ಬೆರಳು ತೋರಿಸಿ ಎಣಿಸಿದ್ದು ಕಡಿಮೆಯಾಗುತ್ತದೆ ಎಂಬುದು ಹಿರಿಯರ ಮಾತು. ಸಂಜೆ ಹಟ್ಟಿಯ ಬಾಯಲ್ಲಿ ಅಪ್ಪ ಕಂಬಳಿ ಹೊದ್ದು ಕೂತಿರುತ್ತಿದ್ದ. ಕುರಿಗಳು ಒಳಗೆ ಹೋಗುವಾಗ ಮುಖ ನೋಡುತ್ತಿದ್ದ. ಕೊನೆಗೆ, ಕರಿಕಿವಿಯದು ಬಂದಿಲ್ಲ ಎಂದು ಎದ್ದು ಗುಡ್ಡದ ಕಡೆ ನಡೆದುಬಿಡುತ್ತಿದ್ದ. ಕುರುಬನ ಕಣ್ಣಿನ ಬಗ್ಗೆ ಜನ ಬಹಳ ಹೊಗಳುತ್ತಾರೆ. ನಾನು ಕಂಡದ್ದನ್ನು ಹೇಳಬೇಕಾದರೆ, ಅಪ್ಪ ಗುಡ್ಡವೆಲ್ಲ ಅಲೆದು ಬರುವಷ್ಟರಲ್ಲಿ ಆ ಕರಿಕಿವಿಯದು ಹಟ್ಟಿಯ ಮೂಲೆಯಲ್ಲಿ ಮೆಲುಕು ಹಾಕುತ್ತಾ ಮಲಗಿದ್ದೂ ಉಂಟು. ಎಣಿಸಿದ್ದರೆ ಇವನ ಕಾಲು ಉಳಿಯುತ್ತಿತ್ತಲ್ಲ ಎಂದು ಅವ್ವ ಗೊಣಗುತ್ತಿದ್ದಳು. ಆದರೆ ಅವಳೂ ಎಣಿಸುತ್ತಿರಲಿಲ್ಲ.

ಪೊಲೀಸ್ ಆ್ಯಕ್ಷನ್ ಮುಗಿದು, ನಿಜಾಮರ ಸರ್ಕಾರ ಹೋಗಿ, ಹೊಸ ಸರ್ಕಾರದವರು ಜನರನ್ನು ಎಣಿಸಲು ಹೊರಟ ಕಾಲ. ನಮ್ಮೂರ ಶಾಲೆಯ ಮಾಸ್ತರರಿಗೇ ಆ ಕೆಲಸ ಬಂದಿತ್ತು. ಹಳೆಯ ಮಂದಿ ಅದನ್ನು ಮರ್ದುಂಶುಮಾರಿ ಎನ್ನುತ್ತಿದ್ದರು. ಮಾಸ್ತರರು ನಮ್ಮ ಅಂಗಳದಲ್ಲಿ ನಿಂತು, ಮಕ್ಕಳನ್ನು ಗೋಡೆಗೆ ನಿಲ್ಲಿಸಿ, ಒಂದೊಂದೇ ತಲೆಗೆ ಬೆರಳು ತೋರಿಸಿ ಎಣಿಸಿದರು. ಎಲ್ಲರಿಗಿಂತ ಚಿಕ್ಕವಳು ನನ್ನ ತಂಗಿ ನಾಗವ್ವ. ಬೆರಳು ತನ್ನ ಕಡೆ ಬಂದಾಗ ಅವಳಿಗೆ ಕಚಗುಳಿ ಇಟ್ಟಂತಾಗಿ ನಕ್ಕಳು. ಆ ಬೇಸಿಗೆಯಲ್ಲಿ ಜ್ವರ ಬಂದು ಅವಳು ಹೋದಳು. ಮಾಸ್ತರರಿಗೆ ಯಾರೂ ಒಂದು ಮಾತು ಆಡಲಿಲ್ಲ. ಅವರು ಒಳ್ಳೆಯ ಮನುಷ್ಯರು, ಮಣ್ಣಿಗೆ ಬಂದಿದ್ದರು, ಅತ್ತರು ಕೂಡ. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಲೆಕ್ಕ ಎಂಬುದೇ ನಿಂತಿತು. ಅವ್ವ ರೊಟ್ಟಿಯನ್ನೂ ಎಣಿಸುತ್ತಿರಲಿಲ್ಲ. ಹಿಟ್ಟು ಮುಗಿಯುವವರೆಗೆ ಬಡಿಯುತ್ತಿದ್ದಳು.

ನನ್ನನ್ನು ಶಹಾಪುರಕ್ಕೆ ಕಳಿಸಬೇಕೆಂದು ಹೇಳಿದವರೂ ಅದೇ ಮಾಸ್ತರರು. ಅಲ್ಲಿ ಕನ್ನಡದ ಶಾಲೆ ಶುರುವಾಗಿದೆ, ವ್ಯಾಪಾರಸ್ಥರು ಸೇರಿ ಹಳ್ಳಿಯ ಹುಡುಗರಿಗೆ ಒಂದು ಬೋರ್ಡಿಂಗ್ ತೆಗೆದಿದ್ದಾರೆ, ಅರ್ಜಿ ಹಾಕಿ ಎಂದರು. ಅಪ್ಪ ಅವರ ಮುಖ ನೋಡದೆ ನೆಲ ನೋಡುತ್ತಾ ಕೇಳಿಸಿಕೊಂಡ. ತೀರ್ಮಾನ ಮಾಡಿದವಳು ಅವ್ವ. "ಇವ ಕುರಿ ಹಿಂದ ಹೋದ್ರ ಕುರಿನೇ ಇವನ್ನ ಮೇಯಿಸಿಕೊಂಡು ಬರ್ತಾವ" ಎಂದಳು. ನನ್ನ ವಿದ್ಯಾಭ್ಯಾಸದ ಪರವಾಗಿ ಯಾರಾದರೂ ಆಡಿದ ಅತ್ಯಂತ ಬಲವಾದ ಮಾತು ಅದೇ.

ಶಹಾಪುರದ ಕಚೇರಿಯ ಮುಂದೆ ಕೂರುತ್ತಿದ್ದ ಅರ್ಜಿ ಬರೆಯುವ ಮುದುಕ ಹಳೆಯ ಅಭ್ಯಾಸದಂತೆ ಉರ್ದುವಿನಲ್ಲಿ ಬರೆದುಕೊಟ್ಟ. ಸಲಾಮು, ಬಿನ್ನಹ, ಹುಜೂರ್ ಎಲ್ಲ ಮುಗಿಯುವ ಹೊತ್ತಿಗೆ ಕಾಗದದಲ್ಲಿ ಜಾಗ ತೀರಿ ನನ್ನ ಹೆಸರು ಅಂಚಿಗೆ ಬಂದು ನಿಂತಿತ್ತು. ಬೋರ್ಡಿಂಗಿನ ವಾರ್ಡನ್ ರಾಚಪ್ಪ ಮಾಸ್ತರು ಬಿಜಾಪುರದ ಕಡೆಯಿಂದ ಬಂದವರು, ಬೆತ್ತದಂತೆ ನೆಟ್ಟಗಿನ ಮನುಷ್ಯ. ಇನ್ನು ಮೇಲೆ ಕನ್ನಡದಲ್ಲಿ ಬರೆಸಿಕೊಂಡು ಬನ್ನಿ ಎಂದು ತಿರುಗಿ ಕಳಿಸಿದರು. ಮುದುಕ ಕನ್ನಡದಲ್ಲಿ ಬರೆದ. ಆದರೆ ಸಲಾಮುಗಳನ್ನು ಬಿಡಲಿಲ್ಲ, ನನ್ನ ಹೆಸರು ಮತ್ತೆ ಅಂಚಿನಲ್ಲೇ ನಿಂತಿತು.

ಕೊನೆಗೆ ರಾಚಪ್ಪ ಮಾಸ್ತರು ಬಾಯಿಮಾತಿನಲ್ಲೇ ವಿಚಾರಿಸಿದರು. ಹುಡುಗನ ವಯಸ್ಸೆಷ್ಟು ಎಂದರೆ, ದೊಡ್ಡ ಆಣಿಕಲ್ಲು ಬಿದ್ದ ವರ್ಷದವನು ಎಂದು ಅಪ್ಪ ಹೇಳಿದ. ಕುರಿ ಎಷ್ಟಿವೆ ಎಂದರೆ ಹಟ್ಟಿ ತುಂಬ ಇವೆ ಎಂದ. ಮಕ್ಕಳೆಷ್ಟು ಎಂದಾಗ, "ದೇವರು ಉಳಿಸಿದಷ್ಟು ಅದಾವ್ರಿ" ಎಂದ.

ಮಾಸ್ತರು ಲೇಖನಿ ಕೆಳಗಿಟ್ಟರು. "ನಿಮ್ಮ ಮನ್ಯಾಗ ಯಾವುದಕ್ಕಾರ ಲೆಕ್ಕ ಅಂಬೂದು ಐತೋ ಇಲ್ಲೋ?"

ಅಷ್ಟರಲ್ಲಿ ಸಂಜೆಯ ಗಂಟೆ ಬಾರಿಸಿತು. ಹುಡುಗರು ಓಡಿ ಬಂದು ಬೇವಿನ ಮರದ ಕೆಳಗೆ ಸಾಲಾಗಿ ನಿಂತರು. ಮಾಸ್ತರು ಎದ್ದು ಹೋಗಿ ಬೆತ್ತದ ತುದಿಯಿಂದ ಒಬ್ಬೊಬ್ಬನ ಭುಜ ಮುಟ್ಟಿ ಎಣಿಸತೊಡಗಿದರು. ನನಗೆ ಅದು ಬಹಳ ಚೆಂದ ಕಂಡಿತು. ಅಷ್ಟು ನೆಟ್ಟಗಿನ ಸಾಲನ್ನು ನಾನು ಅದುವರೆಗೆ ನೋಡಿರಲಿಲ್ಲ. ನಮ್ಮ ಕುರಿಗಳಿಗೆ ಆ ಗುಣ ಇರಲಿಲ್ಲ. ಅಪ್ಪ ಮಾತ್ರ ಎದ್ದು ನಿಂತು ನನ್ನ ಬಟ್ಟೆಯ ಗಂಟು ಬಗಲಿಗೆ ಹಾಕಿಕೊಂಡ. "ನಡಿ" ಎಂದ.

ಏನಾಯಿತು ಎಂದು ಮಾಸ್ತರು ಬಂದು ಕೇಳಿದರು. ಅಪ್ಪ ಗಂಟಿನ ಕುಣಿಕೆ ಬಿಗಿಯುತ್ತಾ, "ನಮ್ಮ ಪೋರನ ಮ್ಯಾಲೆ ಬಟ್ಟ ಇಟ್ಟು ಎಣಿಸಬ್ಯಾಡ್ರಿ. ಎಣಿಸಿದ ವರ್ಷನೇ ಒಂದು ಹೋಗ್ಯದ" ಎಂದ.

ರಾಚಪ್ಪ ಮಾಸ್ತರು ಕಟ್ಟುನಿಟ್ಟಿನ ಮನುಷ್ಯ, ಆದರೆ ಅಪ್ಪನ ನಂಬಿಕೆಗೆ ನಗಲಿಲ್ಲ. ಬೆತ್ತವನ್ನು ಬೆನ್ನ ಹಿಂದಕ್ಕೆ ಹಿಡಿದರು. ಇವನನ್ನು ಸಾಲಿನ ಕೊನೆಗೆ ನಿಲ್ಲಿಸುತ್ತೇನೆ, ಎಣಿಸುವುದಿಲ್ಲ, ಎಣಿಕೆ ಮುಗಿದ ಮೇಲೆ ಬಾಯಲ್ಲಿ ಹೇಳುತ್ತೇನೆ, ಆಗಬಹುದೇ ಎಂದರು. ಹೇಳಿ ತೋರಿಸಿಯೂ ಬಿಟ್ಟರು. ಉಳಿದವರನ್ನೆಲ್ಲ ಎಣಿಸಿ, ಬೆತ್ತ ಕೆಳಗಿಳಿಸಿ, ನನ್ನ ಕಡೆ ನೋಡದೆ, "ಮತ್ತ ಇವನೊಬ್ಬ" ಎಂದರು. ಅಪ್ಪ ಗಂಟು ಕೆಳಗಿಟ್ಟ. ಹೀಗೆ ನನಗೆ ಬೋರ್ಡಿಂಗಿನಲ್ಲಿ ಪ್ರವೇಶ ಸಿಕ್ಕಿತು.

ಲೆಕ್ಕದ ಹೊರಗೆ ಬದುಕುವುದರಲ್ಲಿ ಕೆಲವು ಸುಖಗಳಿವೆ. ಬಾವಿಯ ನೀರು ಸೇದುವ ಪಾಳಿ, ಅಂಗಳ ಗುಡಿಸುವ ಪಾಳಿ, ಕಂದೀಲಿನ ಗಾಜು ಒರೆಸುವ ಪಾಳಿ, ಎಲ್ಲವೂ ಹುಡುಗರ ನಂಬರಿನ ಪ್ರಕಾರ ಬರುತ್ತಿದ್ದವು. ನನಗೆ ನಂಬರಿಲ್ಲ, ಪಾಳಿಯೂ ಇಲ್ಲ. ಆದರೆ ಅಡುಗೆಯ ಶರಣವ್ವ ರೊಟ್ಟಿ ಬಡಿಯುತ್ತಿದ್ದುದೂ, ತಾಟು ಇಡುತ್ತಿದ್ದುದೂ ಆ ಎಣಿಕೆಯ ಪ್ರಕಾರವೇ. ದಿನಾ ನಾನು ಕೂತ ಮೇಲೆ ಅವಳು ಹಣೆ ಬಡಿದುಕೊಂಡು, ಅಯ್ಯ ಇವನೊಬ್ಬ ಇದ್ದಾನಲ್ಲ ಎಂದು ಒಳಗೆ ಹೋಗುವಳು. ಹುಡುಗರು ನನಗೆ "ಮತ್ತಿವ" ಎಂದೇ ಹೆಸರಿಟ್ಟರು. "ಏ ಮತ್ತಿವ, ನಿನ್ನ ರೊಟ್ಟಿ ಇನ್ನಾ ಹೊಲದಾಗ ಅದ ನೋಡು" ಎಂದು ಪಕ್ಕದ ಬಸಣ್ಣ ಅಣಕಿಸುವನು, ಅಣಕಿಸುತ್ತಲೇ ತನ್ನದರಲ್ಲಿ ಅರ್ಧ ಮುರಿದು ಕೊಡುವನು. ನನಗೆ ಅರ್ಧ ರೊಟ್ಟಿ ಬೇಕಿರಲಿಲ್ಲ. ಅವನ ನಂಬರು ಬೇಕಿತ್ತು. ಅಲ್ಲಿಯ ಶಿಸ್ತು ನನಗೆ ಅಷ್ಟು ಹಿಡಿಸಿಬಿಟ್ಟಿತ್ತು. ಗಂಟೆ ಬಾರಿಸುವ ಮೊದಲೇ ಎದ್ದು ಕಂಬಳಿಯನ್ನು ಮೂಲೆಗೆ ಮೂಲೆ ಕೂಡಿಸಿ ಮಡಚಿ, ಯಾರೂ ಹೇಳದಿದ್ದರೂ ಅಂಗಳ ಗುಡಿಸಿ, ಸಂಜೆ ಸಾಲಿನ ಕೊನೆಯಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಬೆತ್ತ ಬಸಣ್ಣನವರೆಗೆ ಬಂದು ತಿರುಗಿ ಹೋಗುತ್ತಿತ್ತು. ಮೊದಮೊದಲು ಮಾಸ್ತರು "ಮತ್ತ ಇವನೊಬ್ಬ" ಎಂದು ತಪ್ಪದೆ ಹೇಳಿದರು. ಕ್ರಮೇಣ "ಮತ್ತ ಇವ" ಎಂದಾಯಿತು. ಆಮೇಲೆ ಬರೀ ತಲೆ ಆಡಿಸಿದರು. ಒಂದು ಸಂಜೆ ಅದೂ ಇಲ್ಲದೆ, ನಡೆಯಿರಿ ಎಂದು ಒಳಗೆ ಹೋದರು. ಬೇಕೆಂದು ಮಾಡಿದ್ದಲ್ಲ, ಮರೆತದ್ದು. ಬೇಕೆಂದು ಮಾಡಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಸುರಪುರದಲ್ಲಿ ಶಾಲೆಗಳ ಕವಾಯತು ಪಂದ್ಯ ಇತ್ತು. ಶೇಂಗಾ ವ್ಯಾಪಾರಿಯೊಬ್ಬರು ಎರಡು ಲಾರಿ ಕೊಟ್ಟಿದ್ದರು. ಪಂದ್ಯ ಮುಗಿದ ಮೇಲೆ ನಾನು ಬಯಲಿನ ಹಿಂದಿನ ಬಾವಿಗೆ ನೀರು ಕುಡಿಯಲು ಹೋದೆ. ತಿರುಗಿ ಬರುವಷ್ಟರಲ್ಲಿ ಬಯಲಲ್ಲಿ ಧೂಳು ಮಾತ್ರ ಇತ್ತು. ಮಾಸ್ತರು ಎಣಿಸದೆ ಹೋದವರಲ್ಲ. ಎರಡು ಲಾರಿಯನ್ನೂ ಹತ್ತಿ ಇಳಿದು ಎಣಿಸಿದ್ದರು. ಲೆಕ್ಕ ಸರಿಯಾಗಿತ್ತು. ಈ ಲಾರಿಯ ಹುಡುಗರು ನಾನು ಆ ಲಾರಿಯಲ್ಲಿದ್ದೇನೆ ಎಂದುಕೊಂಡರು, ಆ ಲಾರಿಯವರು ಈ ಲಾರಿಯಲ್ಲಿ ಎಂದು. ಶಹಾಪುರಕ್ಕೆ ಬಂದು ಇಳಿದ ಮೇಲೆ, ವನದುರ್ಗ ಹಾದಿಯಲ್ಲೇ ಇರುವುದರಿಂದ ಮನೆಗೆ ಹೋಗಿರಬೇಕು ಎಂದು ಬಸಣ್ಣ ತಾನೇ ಸಮಾಧಾನ ಹೇಳಿಕೊಂಡನಂತೆ.

ನನ್ನನ್ನು ಕೂರಿಸಿಕೊಂಡವನು ಶಹಾಪುರದ ಕಡೆ ಹೊರಟ ಗೋಗಿಯ ಬಂಡಿಯವನು. ವನದುರ್ಗದ ದಾರಿ ಕವಲೊಡೆಯುವಲ್ಲಿ ಎತ್ತುಗಳನ್ನು ನಿಲ್ಲಿಸಿ, ಯಾವ ಕಡೆ ಎಂದು ಕೇಳಿದ. ನಾನು ದಾರಿಯುದ್ದಕ್ಕೂ ಹಿಂದೆ ಮುಂದೆ ನೋಡುತ್ತಲೇ ಬಂದಿದ್ದೆ, ಹುಡುಕಿಕೊಂಡು ಲಾರಿ ಬರಬಹುದೆಂದು. ಬರಲಿಲ್ಲ. ಇಳಿದು ಮನೆಯ ಕಡೆ ನಡೆದೆ.

ಅಪ್ಪ ಹಟ್ಟಿಯ ಬಾಯಲ್ಲಿ ಕೂತಿದ್ದ. ಕುರಿಗಳೆಲ್ಲ ಒಳಗೆ ಹೋಗುವವರೆಗೆ ನನ್ನನ್ನೂ ನಿಲ್ಲಿಸಿಕೊಂಡು, ಆಮೇಲೆ ಏನಾಯಿತೆಂದು ಕೇಳಿದ. ನಾನು ಹೇಳಿದೆ. ಅವರು ಹುಡುಕುತ್ತಿರಬಹುದು ಎಂದ. ಇಲ್ಲ ಎಂದೆ.

"ಇಲ್ಲಂದ್ರ?"

"ನಾ ಎಣಿಕ್ಯಾಗ ಇಲ್ಲಲ್ಲಪ್ಪ. ನಾ ಇಲ್ಲಂದ್ರೂ ಅವರ ಲೆಕ್ಕ ಬರೋಬ್ಬರಿ ಇರ್ತದ."

ಅಪ್ಪ ಎದ್ದು ಹಟ್ಟಿಯ ಬಾಯಿ ಮುಚ್ಚಿದ. ಇನ್ನು ನನ್ನನ್ನು ಕುರಿಯ ಹಿಂದೆಯೇ ಕಳಿಸುತ್ತಾನೆ ಎಂದುಕೊಂಡು ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಬೆಳಗಾದ ಮೇಲೆ ಅವನು ಕುರಿಗಳನ್ನು ದಾಯಾದಿಯವರಿಗೆ ಒಪ್ಪಿಸಿ, ನನ್ನನ್ನು ಕರೆದುಕೊಂಡು ಶಹಾಪುರದ ದಾರಿ ಹಿಡಿದ.

ನಾವು ಮುಟ್ಟಿದಾಗ ಸಂಜೆಯ ಗಂಟೆ ಆಗಿ ಹುಡುಗರು ಸಾಲು ನಿಂತಿದ್ದರು. ಅಪ್ಪ ನನ್ನನ್ನು ತನ್ನ ಕಂಬಳಿಯ ಹಿಂದೆ ನಿಲ್ಲಿಸಿಕೊಂಡು ಎಣಿಕೆ ಮುಗಿಯುವವರೆಗೆ ಕಾದ. ಆಮೇಲೆ ಮುಂದೆ ಹೋಗಿ, "ಎಲ್ಲಾರೂ ಅದಾರೇನ್ರಿ?" ಎಂದ.

"ಅದಾರ. ಬರೋಬ್ಬರಿ ಐತಿ" ಎಂದರು ಮಾಸ್ತರು.

ಅಪ್ಪ ಪಕ್ಕಕ್ಕೆ ಸರಿದ. ಕಂಬಳಿಯ ಹಿಂದಿದ್ದ ನಾನು ಮಾಸ್ತರ ಕಣ್ಣಿಗೆ ಬಿದ್ದೆ. ಮಾಸ್ತರ ಮುಖದ ಬಣ್ಣ ಇಳಿದದ್ದನ್ನು ನಾನು ಅಂದು ಒಂದೇ ಸಲ ನೋಡಿದ್ದು. ಅವರು ಏನೋ ಹೇಳಹೋದರು. ಅಪ್ಪ ಕೇಳಿಸಿಕೊಳ್ಳದೆ, ಕಂಬಳಿಯ ಅಂಚಿನ ಗಂಟು ಬಿಚ್ಚಿ ಮೈಲಾರನ ಭಂಡಾರದ ಅರಿಶಿನ ತೆಗೆದು ನನ್ನ ಹಣೆಗೆ ಒತ್ತಿದ. ಸಾಲಿನ ಕೊನೆಗಲ್ಲ, ನಡುವೆ, ಬಸಣ್ಣನನ್ನು ಸರಿಸಿ ಅವನ ಪಕ್ಕ ನಿಲ್ಲಿಸಿದ.

"ಎಣಿಸ್ರಿ" ಎಂದ.

"ನೀವ ಬ್ಯಾಡ ಅಂದಿದ್ರಲ್ಲ."

"ಅಂದಿದ್ದೆ. ಎಣಿಸದೇ ಬಿಟ್ಟದ್ದೂ ಹೋಗ್ತದಂತ ನನಗ ಗೊತ್ತಿರಲಿಲ್ರಿ."

ಹೇಳಿ ಅಪ್ಪ ಗುಡ್ಡದ ಕಡೆ ಮುಖ ತಿರುಗಿಸಿ ನಿಂತ. ಮಾಸ್ತರು ಮೊದಲಿನಿಂದ ಶುರು ಮಾಡಿದರು. ಬೆತ್ತ ಹತ್ತಿರ ಹತ್ತಿರ ಬಂತು. ನಾನು ಬೆತ್ತ ನೋಡಲಿಲ್ಲ, ಅಪ್ಪನ ಬೆನ್ನು ನೋಡಿದೆ. ಕಂಬಳಿಯೊಳಗೆ ಅವನ ಭುಜ ನಡುಗುತ್ತಿತ್ತು. ಅದನ್ನು ಕಂಡು ನಾನು ಅವನ ಕಡೆ ಒಂದು ಹೆಜ್ಜೆ ಇಟ್ಟೆ. "ಅಲಗಾಡಬ್ಯಾಡ, ಲೆಕ್ಕ ತಪ್ಪತೈತಿ" ಎಂದು ಮಾಸ್ತರು ಮೆಲ್ಲಗೆ ಹೇಳಿ ನನ್ನ ಭುಜ ಮುಟ್ಟಿದರು. ಬೆತ್ತದಿಂದಲ್ಲ, ಕೈಯಿಂದ. ಎಣಿಕೆ ಮುಗಿಯುವವರೆಗೂ ಅಪ್ಪ ತಿರುಗಲಿಲ್ಲ. ಮುಗಿದ ಮೇಲೂ ತಿರುಗದೆ ಹಾಗೆಯೇ ನಡೆದು ಹೋದ. ಆ ವರ್ಷ ಉಣ್ಣೆ ಮಾರುವ ನೆಪದಲ್ಲಿ ಅವನು ಮತ್ತೆ ಮತ್ತೆ ಶಹಾಪುರಕ್ಕೆ ಹೋಗಿ, ಬೋರ್ಡಿಂಗಿನ ಗೋಡೆಯ ಆಚೆಯಿಂದ ಇಣುಕಿ ಬರುತ್ತಿದ್ದನೆಂದು ಅವ್ವ ಬಹಳ ಕಾಲದ ಮೇಲೆ ಹೇಳಿದಳು. ಉಣ್ಣೆಯನ್ನು ಹಾಗೇ ತಿರುಗಿ ಹೊತ್ತು ತರುತ್ತಿದ್ದನಂತೆ.

ಅಂದಿನಿಂದ ನಾನು ಎಣಿಕೆಯ ಮನುಷ್ಯ. ರೈಲಿನ ಡಬ್ಬಿಗಳನ್ನು ಎಣಿಸಿದೆ, ಚಪ್ಪಲಿಗಳನ್ನು ಎಣಿಸಿದೆ, ಹೆಂಡತಿ ಮಕ್ಕಳ ತಾಳ್ಮೆಯನ್ನೂ ಒಂದು ರೀತಿಯಲ್ಲಿ ಎಣಿಸಿದೆ. ಅಪ್ಪನ ನಂಬಿಕೆಯಿಂದ ಪೂರ್ತಿ ಬಿಡುಗಡೆಯಾಯಿತು ಎಂದೇ ತಿಳಿದಿದ್ದೆ. ಬೆರಳು ತೋರಿಸದೆ ಕಣ್ಣಿನಿಂದ ಎಣಿಸುವುದು ಬರೀ ಸಭ್ಯತೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಕೊಡೇಕಲ್ಲಿನ ಪ್ರಸಂಗದ ನಂತರ ಸೊಸೆ ಹುಕುಂ ಹೊರಡಿಸಿದಳು, ಇನ್ನು ಮುಂದೆ ಎಲ್ಲರೂ ಗಾಡಿ ಹತ್ತಿದ ಮೇಲೆ ಎಣಿಸುವ ಕೆಲಸ ಭಾಗ್ಯಾಳದು ಎಂದು. ಮುಂದಿನ ಸಲ ಜೀಪು ಹತ್ತಿದಾಗ ಅವಳು ಸೀಟಿನ ಮೇಲೆ ನಿಂತು, ಒಬ್ಬೊಬ್ಬರ ಮೂಗಿಗೆ ಬೆರಳು ತಾಗಿಸುತ್ತಾ ಬಂದಳು. ನನ್ನ ಸರದಿ ಬಂದಾಗ ನನಗೇ ಅರಿವಿಲ್ಲದೆ ಮುಖ ಕಿಟಕಿಯ ಕಡೆ ತಿರುಗಿತು. "ಅಜ್ಜಾ, ಅಲಗಾಡಬ್ಯಾಡ, ಲೆಕ್ಕ ತಪ್ತದ" ಎಂದಳು. ಅವಳಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಎಣಿಸುವವರೆಲ್ಲ ಇದನ್ನೇ ಹೇಳುತ್ತಾರೆಂದು ಕಾಣುತ್ತದೆ. ನಾನು ನೆಟ್ಟಗೆ ಕೂತೆ. ಎಣಿಕೆ ಮುಗಿಯಿತು. ಒಂದು ಕಡಿಮೆ ಬಂತು. ಅವಳು ತನ್ನನ್ನು ತಾನೇ ಬಿಟ್ಟಿದ್ದಳು.

ತಪ್ಪು ತೋರಿಸಲು ನನ್ನ ಬೆರಳು ಅವಳ ಕಡೆ ಎದ್ದಿತು. ಅವಳು ನಗುತ್ತಾ ಕಾದಿದ್ದಳು, ಕಚಗುಳಿಗೆ ಕಾದ ಮಗುವಿನ ಹಾಗೆ. ಬೆರಳನ್ನು ಮಡಚಿ, ಕಲ್ಲುಸಕ್ಕರೆ ಹುಡುಕುವವನಂತೆ ಜೇಬಿಗೆ ಹಾಕಿದೆ.

"ಮತ್ತ ಈಕಿ ಒಬ್ಬಾಕಿ" ಎಂದೆ. "ಬರೋಬ್ಬರಿ ಅದ, ಗಾಡಿ ಬಿಡು."