ಕುದುರೆ ಸಿನಿಮಾ ಮತ್ತು ನನ್ನ ಗಂಟಲು

ಸಿನಿಮಾ ತೋರಿಸುವವನಿಗೆ ಸಿನಿಮಾಕ್ಕಿಂತ ನೋಡುವವರೇ ಹೆಚ್ಚು ಮಜಾ ಕೊಡುತ್ತಾರೆ. ನಾನು ಸವಣೂರಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ಮಾಸ್ತರ. ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಯ ಗೋಡೆಗೆ ಧೋತರ ಕಟ್ಟಿ ಹಳೆಯ ಕೌಬಾಯ್ ಸಿನಿಮಾ ಹಾಕುತ್ತೇನೆ. ಮಾತೆಲ್ಲ ಇಂಗ್ಲಿಷಿನಲ್ಲಿ, ನೋಡುವವರು ಓಣಿಯವರು. ಹಾಗಾಗಿ ಪಕ್ಕದಲ್ಲಿ ನಿಂತು ಕತೆ ಬಿಡಿಸಿ ಹೇಳುವುದು ನನ್ನ ಕೆಲಸ. ಒಂಟಿ ಮನುಷ್ಯ ನಾನು, ವಾರವಿಡೀ ಆ ಎರಡು ತಾಸಿಗೇ ಕಾಯುತ್ತೇನೆ.

೧. ಕುದುರೆಗೆ ನೀರು

ಹೀರೋ ಮರುಭೂಮಿ ದಾಟಿ ಬಂದ, ಕುದುರೆ ಕಟ್ಟಿದ, ಸೀದಾ ಶೆರೆ ಅಂಗಡಿ ಹೊಕ್ಕ. ಮುಂದೆ ಕುಳಿತಿದ್ದ, ಜೋಡೆತ್ತು ಸಾಕಿದ ನಮ್ಮ ಓಣಿಯ ರೈತ ಎದ್ದು ನಿಂತ.

"ಸರ, ನಿಲ್ಲಸ್ರಿ. ಕುದರಿಗೆ ನೀರು ಕುಡಸದ ತಾ ಕುಡ್ಯಾಕ ಹ್ವಾದ. ಇವ ಹೆಂಗ ಒಳ್ಳ್ಯಾವ ಆಕ್ಕಾನ್ರಿ?"

ಖಳನಾಯಕ ತನ್ನ ಕುದುರೆಯ ಮೈ ತಿಕ್ಕುವುದನ್ನು ನೋಡಿದ ಮೇಲಂತೂ ರೈತ ಪೂರ್ತಿ ಅವನ ಕಡೆಯಾದ. ಕೊನೆಗೆ ಖಳನಾಯಕ ಗುಂಡು ತಿಂದು ಬಿದ್ದಾಗ ರೈತ ಕೇಳಿದ್ದು ಒಂದೇ: ಇನ್ನು ಆ ಕುದುರೆಗೆ ಮೇವು ಹಾಕುವವರು ಯಾರು?

೨. ಉಣ್ಣದೆ ಹೋದವ

ಇನ್ನೊಂದು ಸಿನಿಮಾದಲ್ಲಿ ಹೀರೋ ಊರನ್ನೆಲ್ಲ ಕಾಪಾಡಿ ತಿರುಗಿ ನೋಡದೆ ಹೊರಟುಹೋಗುತ್ತಾನೆ. ಇದು ತ್ಯಾಗ ಎಂದು ನಾನು ಭಾವುಕನಾಗಿ ವಿವರಿಸುತ್ತಿದ್ದೆ. ಪಕ್ಕದ ಮನೆಯ ಅಕ್ಕನಿಗೆ ಸಿಟ್ಟೇ ಬಂತು. ಅಷ್ಟು ದೊಡ್ಡ ಊರಲ್ಲಿ ಒಬ್ಬರಾದರೂ ಅವನಿಗೆ ಒಂದು ರೊಟ್ಟಿ ತಿಂದು ಹೋಗು ಅನ್ನಬಾರದೇ, ಎಂಥ ಜನ ಎಂದು ಬೈದಳು. ಮರುವಾರ ರೊಟ್ಟಿ, ಎಣ್ಣೆಗಾಯಿ ತಂದು ನನ್ನ ಮುಂದಿಟ್ಟು, "ನಮ್ದು ಅಂಥಾ ಊರಲ್ರೀ ಸರ" ಎಂದಳು. ಅವತ್ತಿನಿಂದ ಒಂದು ಭಾನುವಾರವೂ ತಪ್ಪಿಸಿಲ್ಲ. ಆ ಹೀರೋ ಉಪವಾಸ ಹೋದದ್ದಕ್ಕೆ ನನ್ನ ಹೊಟ್ಟೆ ತುಂಬುತ್ತಿದೆ. ಅವನು ತಣ್ಣಗಿರಲಿ.

೩. ಮೌನದ ತಿಂಗಳು

ಹೋದ ವರ್ಷ ಗಂಟಲಲ್ಲಿ ಗಂಟು ಬಂತು. ಹುಬ್ಬಳ್ಳಿಯಲ್ಲಿ ತೆಗೆಸಿದೆ. ಒಂದು ತಿಂಗಳು ತುಟಿ ಬಿಚ್ಚಬಾರದೆಂದು ಡಾಕ್ಟರು ಹೇಳಿದರು. ಗಂಟಿಗಿಂತ ಭಾನುವಾರ ತಪ್ಪುತ್ತದೆಂಬುದೇ ನನಗೆ ಹೆಚ್ಚಿನ ಭಯವಾಗಿತ್ತು. ಜನ ಒಮ್ಮೆ ಚದುರಿದರೆ ಮತ್ತೆ ಬರುತ್ತಾರೆಯೇ? ಪಾಟಿಯ ಮೇಲೆ 'ಸಿನಿಮಾ ಬಂದ್' ಎಂದು ಬರೆದು ಬಾಗಿಲಿಗಿಟ್ಟೆ.

ಜೋಡೆತ್ತಿನ ರೈತ ಅದನ್ನು ಅಂಗೈಯಿಂದ ಒರೆಸಿ ಒಳಗೆ ಬಂದ. "ನೀವು ಹಾಕ್ರಿ, ನಾ ಹೇಳ್ತೇನಿ" ಎಂದ. ಅವನಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು.

ತೆರೆಯ ಮೇಲೆ ಇಬ್ಬರು ಬೀದಿಯ ನಡುವೆ ಪಿಸ್ತೂಲಿನ ಮೇಲೆ ಕೈಯಿಟ್ಟು ಎದುರುಬದುರು ನಿಂತರು. ನಾನಾಗಿದ್ದರೆ ಧರ್ಮ, ಅಧರ್ಮ ಎಂದು ಭಾಷಣ ಮಾಡುತ್ತಿದ್ದೆ. ಅವನು ದನಿ ತಗ್ಗಿಸಿದ.

"ಇಬ್ರೂ ಖಾಸಾ ಅಣ್ಣತಮ್ಮರು. ಹೊಲದ ಬದುವಿನ ಸಲುವಾಗಿ ಮಾತು ಬಿಟ್ಟಾರ. ಮೊದಲ ಯಾರು ಮಾತಾಡಸ್ಬೇಕು ಅಂತ ಹಟಾ ಹಿಡದು ನಿಂತಾರ."

ಹಿಂದೆ ಕುಳಿತವರು ಮುಂದಕ್ಕೆ ಸರಿದರು. ಗುಂಡು ಹಾರಿತು.

"ನಡುವ ಹಿರ್ಯಾರು ಇಲ್ಲಂದ್ರ ಹಿಂಗ ಆಕ್ಕತಿ ನೋಡ್ರಿ."

ಸದ್ದು ಮಾಡದೆ ನಗುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಗಂಟಲು ಒತ್ತಿ ಹಿಡಿದು ನಕ್ಕೆ, ಕಣ್ಣಲ್ಲಿ ನೀರು ಬಂತು. ಅದರಲ್ಲಿ ಅರ್ಧ ನಗುವಿನದು, ಅರ್ಧ ಈ ಜನ ನನ್ನ ಭಾನುವಾರ ಉಳಿಸಿಕೊಟ್ಟದ್ದಕ್ಕೆ.

ನಾಲ್ಕೂ ಭಾನುವಾರ ರೈತನೇ ಕತೆ ಹೇಳಿದ, ತಿಂಗಳು ಮುಗಿಯಿತು. ಮಾತಾಡಬಹುದು ಎಂದರು ಡಾಕ್ಟರು. ಆ ಭಾನುವಾರ ಪಡಸಾಲೆ ಕಿಕ್ಕಿರಿದಿತ್ತು. ರೈತ ಮರ್ಯಾದೆಯಿಂದ ಜಾಗ ಬಿಟ್ಟುಕೊಟ್ಟ. ನಾನು ಗಂಟಲು ಸರಿಮಾಡಿಕೊಂಡು ಎರಡು ವಾಕ್ಯ ಹೇಳಿದೆ. ಎಲ್ಲರೂ ರೈತನ ಕಡೆ ತಿರುಗಿ ನೋಡಿದರು. ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಮುಂದಿನ ಸಾಲಿನಲ್ಲಿ ಒಳ್ಳೆಯ ಕುರ್ಚಿಯೊಂದನ್ನು ಒರೆಸಿಟ್ಟು, ಬಹಳ ಅಂತಃಕರಣದಿಂದ ಹೇಳಿದಳು:

"ಸರ, ಡಾಕ್ಟರು ಇನ್ನೊಂದು ತಿಂಗಳು ಸುಮ್ನಿರು ಅಂದಾರ ಅಂತ ತಿಳ್ಕೊಂಡು ಕುಂತ್ ಬಿಡ್ರಿ."