ಇಲಿಗಳಿಗೆ ಗುಣ ಕಂಡ ಮದ್ದು

ಒಲೆಯ ಮೇಲೆ ಮರೆತುಬಿಟ್ಟ ಇಡ್ಲಿ ಪಾತ್ರೆಯ ತಳದ ನೀರು ಬತ್ತಿತು, ಪಾತ್ರೆ ಕಪ್ಪಾಯಿತು, ಹೊಗೆ ಮೂರನೇ ಮಹಡಿಯಿಂದಿಳಿದು ಸೊಸೈಟಿಯ ಗೇಟಿನವರೆಗೆ ಹೋಯಿತು. ಅಷ್ಟಕ್ಕೇ ಮುಂಬಯಿ ಹೊರವಲಯದ ಡೊಂಬಿವಲಿಯ ಪುಷ್ಪಾವತಿಯ ಮನೆಯಲ್ಲಿ ಕೋರ್ಟು ಕೂತಿತು.

"ನಿನ್ನ ಅಮ್ಮನಿಗೂ ಹೀಗೇ ಶುರುವಾದದ್ದು ಮಾರಾಯ್ತಿ," ಎಂದ ಗಂಡ ಪ್ರೇಮನಾಥ, ಪೇಪರಿನಿಂದ ತಲೆಯೆತ್ತದೆ.

ಮಗ ಮಯೂರ್ ಮೊಬೈಲಿನಲ್ಲೇ ಪಕ್ಕದೂರು ಕಲ್ಯಾಣದ ಮೆದುಳಿನ ಡಾಕ್ಟರರ ಅಪಾಯಿಂಟ್‌ಮೆಂಟ್ ಹಿಡಿದುಬಿಟ್ಟ. "ಮಮ್ಮಿ, ಮೆಮರಿ ಟೆಸ್ಟ್, ಇವತ್ತೇ ನಾಲ್ಕಕ್ಕೆ, ಚಾರ್ ಬಜೇ. ಫೇಲ್ ಆದ್ರೆ ಗ್ಯಾಸ್ ಬಂದ್, ನಾಳೆಯಿಂದ ಮೆಸ್ಸಿನ ಡಬ್ಬಾ. ಟೆನ್ಶನ್ ನಕೋ."

ಪುಷ್ಪಾವತಿ ಒಲೆ ಆರಿದೆಯೇ ಎಂದು ಇನ್ನೊಮ್ಮೆ ನೋಡಿದಳು. ಕೊನೆಯ ವರ್ಷ ಅಮ್ಮ ಅವಳನ್ನೇ "ನೀವು ಯಾರ ಪೈಕಿ?" ಎಂದು ಕೇಳಿದ್ದಳು. ಆ ಭಯ ಒಂದು ಕಡೆ. ಇನ್ನೊಂದು ಕಡೆ, ಈ ಮನೆಯಲ್ಲಿ ಹಾಲ್ ಗಂಡನ ಟೀವಿಯದು, ಬೆಡ್‌ರೂಮ್ ಮಗನ ಲ್ಯಾಪ್‌ಟಾಪಿನದು. ಅವಳದೆಂದು ಇದ್ದದ್ದು ಬಾಗಿಲೂ ಇಲ್ಲದ ಅಡಿಗೆಕೋಣೆ ಮಾತ್ರ. ಅದೂ ಹೋದರೆ ಅವಳು ನಿಲ್ಲುವುದೆಲ್ಲಿ?

ಸುದ್ದಿ ಹೊಗೆಗಿಂತ ಬೇಗ ಹರಡಿತ್ತು. ಎದುರು ಮನೆಯ ಕಲಬುರಗಿಯ ನಾಗವೇಣಿ ಎಣ್ಣೆ ಬಾಟಲಿ ಹಿಡಿದೇ ಬಂದಳು. "ಅಂಜಬ್ಯಾಡ್ರಿ ಅಕ್ಕಾರ, ಬ್ರಾಹ್ಮಿ ಎಣ್ಣಿ. ತಲಿಗಿ ಹಚ್ಚಿದ್ರ ಹೋದ ಜಲ್ಮದ್ದೂ ನೆಪ್ಪಾಗ್ತದ." ಹೇಳುತ್ತಲೇ ರೊಟ್ಟಿ ಬಡಿದಂತೆ ನೆತ್ತಿ ಬಡಿದಳು.

ಹಿಂದೆಯೇ ಬಂದವನು ಕೆಳಗಿನ ಮಹಡಿಯ ಕಾರ್ಕಳದ ಜಯಶೀಲ. ಒಂದು ಕೈಯಲ್ಲಿ ಬಾಲ್ಕನಿಯ ಕುಂಡದಿಂದ ಕಿತ್ತ ಒಂದೆಲಗದ ರಸ, ಇನ್ನೊಂದರಲ್ಲಿ ಮೊಬೈಲು. "ಪುಷ್ಪಕ್ಕ, ಇದು ಅಜ್ಜಿ ಕತೆ ಅಲ್ಲ. ಒಂದೆಲಗ, ಅರಶಿನ, ಇವುಗಳ ಸತ್ವಕ್ಕೆ ಮರೆವು ತಡೆಯುವ ಶಕ್ತಿ ಉಂಟಂತೆ. ಪ್ರಯೋಗ ಆಗಿದೆ."

"ಯಾರ ಮ್ಯಾಲ್ರೀ?" ಎಂದಳು ನಾಗವೇಣಿ.

"ಇಲಿಗಳ ಮೇಲೆ."

"ನಮ್ಮ ಬಿಲ್ಡಿಂಗಿನ ಇಲಿಗೋಳಿಗಿ ಏನ್ ಮರವು ಅದರೀ? ದಿನಾ ದಾರಿ ತಪ್ಪಲಾರ್ದ ನಮ್ಮನಿಗೇ ಬರ್ತಾವ!"

ಪುಷ್ಪಾವತಿಗೆ ನಗಲಾಗಲಿಲ್ಲ. ಯಾರು ಏನು ಕೊಟ್ಟರೂ ಕುಡಿದಳು. ಒಂದು ಬಿಟ್ಟರೂ "ನೋಡಿ, ಮರೆತಳು" ಎನ್ನುತ್ತಾರಲ್ಲ! ಮಧ್ಯಾಹ್ನದ ಹೊತ್ತಿಗೆ ಹಲ್ಲು ಹಳದಿ, ನಾಲಿಗೆ ಹಸಿರು, ತಲೆಯಿಂದ ಎಣ್ಣೆ ಧಾರೆ. ರಂಗಪಂಚಮಿಯ ಬಣ್ಣದಾಟ ಆಡಿ ಬಂದವಳಂತೆ ಗಂಡನ ಜೊತೆ ಲೋಕಲ್ ರೈಲು ಹತ್ತಿದಳು. ಮುಂದಿನ ಸ್ಟೇಶನ್ ಠಾಕುರ್ಲಿ ಬರುವಷ್ಟರಲ್ಲಿ ಕಣ್ಣು ಎಳೆಯತೊಡಗಿತು. ಡಾಕ್ಟರು ಇವತ್ತು ಯಾವ ವಾರವೆಂದು ಕೇಳಿದಾಗ ಉತ್ತರವಾಗಿ ಗೊರಕೆ ಬಂತು.

"ನೋಡಿದ್ರಾ ಡಾಕ್ಟ್ರೇ?" ಎಂದ ಪ್ರೇಮನಾಥ, ಪಂದ್ಯ ಗೆದ್ದವನಂತೆ.

ಡಾಕ್ಟರು ಎಣ್ಣೆಯ ವಾಸನೆಗೆ ಮೂಗು ಅರಳಿಸಿ, ಅವಳನ್ನು ಎಬ್ಬಿಸಿದರು. "ಕಾಕೂ, ಬೆಳಗಿನಿಂದ ಏನೇನು ತಗೊಂಡಿರಿ?"

ಪುಷ್ಪಾವತಿ ತಡವರಿಸಲಿಲ್ಲ. "ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಾಗವೇಣಿಯ ಎಣ್ಣೆ. ಒಂಬತ್ತೂವರೆಗೆ ಜಯಶೀಲಣ್ಣನ ಒಂದೆಲಗ, ಅರ್ಧ ಲೋಟ; ಅದರಲ್ಲಿ ಸಣ್ಣ ಹುಳ ಇತ್ತು, ತೆಗೆದೆ. ಹತ್ತಕ್ಕೆ ಅರಶಿನದ ಹಾಲು, ಕಾಳುಮೆಣಸು ನಾಲ್ಕು. ಹನ್ನೊಂದಕ್ಕೆ ಶಂಖಪುಷ್ಪಿ ಎರಡು ಚಮಚ. ಹನ್ನೊಂದೂ ಮುಕ್ಕಾಲಿಗೆ ಜಟಾಮಾಂಸಿ ಪುಡಿ, ಅದನ್ನು ಕೊಟ್ಟವರು ಸೊಸೈಟಿ ಸೆಕ್ರೆಟರಿ. ಅವರ ಪ್ಯಾಂಟಿನ ಝಿಪ್ಪು ಹಾಕಿರಲಿಲ್ಲ."

ಡಾಕ್ಟರು ಕಾಫಿ ತರಿಸಿ ಕುಡಿಸಿ, ಟೆಸ್ಟನ್ನೂ ಮಾಡಿದರು. ಮೂವತ್ತಕ್ಕೆ ಇಪ್ಪತ್ತೊಂಬತ್ತು. "ಗಿಡಗಳ ಮೇಲೆ ಸಂಶೋಧನೆ ನಡೀತಾ ಇದೆ, ಮನುಷ್ಯರ ಮರೆವನ್ನು ತಡೀತದೆ ಅಂತ ಖಾತ್ರಿ ಇನ್ನೂ ಇಲ್ಲ. ಹೀಗೆ ಒಟ್ಟಿಗೆ ಸುರಿದರೆ ನಿದ್ದೆ ಬಂದೀತು, ಅಷ್ಟೆ. ಇವರ ನೆನಪು ನನ್ನದಕ್ಕಿಂತ ಚೆನ್ನಾಗಿದೆ." ಅದನ್ನೇ ಚೀಟಿಯಲ್ಲೂ ಬರೆದು ಕೊಟ್ಟರು.

ವಾಪಸು ಗಾಡಿಯಲ್ಲಿ ಕಿಟಕಿಯ ಸೀಟು ಸಿಕ್ಕಿತು. ತಾನು ಅಮ್ಮನಂತಾಗುವುದಿಲ್ಲ; ಒಲೆ ತನ್ನದೇ. ಅವಳಿಗೆ ಅಳು ಬರುವಷ್ಟು ಹಗುರವಾಯಿತು.

"ಹಾಗಾದ್ರೆ ನಿನಗೆ ಮರೆವು ಇಲ್ಲ," ಎಂದ ಪ್ರೇಮನಾಥ.

"ಇಲ್ಲವಲ್ಲ!"

"ಮತ್ತೆ ರಬಾಳೆಯಲ್ಲಿರುವ ನನ್ನ ತಂಗಿಯ ಗೃಹಪ್ರವೇಶಕ್ಕೆ ಬಾರದೆ ದಿನ ಮರೆತೆ ಅಂದದ್ದು? ಅವಳ ಗಂಡನ ಆಪರೇಶನ್ ಆದಾಗ ಫೋನ್ ಮಾಡ್ಲಿಕ್ಕೆ ಮರೆತೆ ಅಂದದ್ದು?"

ಪುಷ್ಪಾವತಿ ಸೆರಗಿನಿಂದ ಹಣೆಯ ಎಣ್ಣೆ ಒರೆಸಿಕೊಂಡಳು. ಮೂವತ್ತು ವರ್ಷಗಳಲ್ಲಿ "ನನ್ನಿಂದಾಗುವುದಿಲ್ಲ" ಎನ್ನಲಾಗದ ಕಡೆಯಲ್ಲೆಲ್ಲ ಅವಳು "ಮರೆತೆ" ಎಂದಿದ್ದಳು. ಆ ಮನೆಯಲ್ಲಿ ಅವಳಿಗೆ ಸಿಕ್ಕಿದ್ದ ರಜೆಯೆಂದರೆ ಅದೊಂದೇ.

ಪ್ರೇಮನಾಥ ಆಗಲೇ ತಂಗಿಗೆ ಫೋನ್ ಹಚ್ಚಿದ್ದ. "ಹಾಂ, ಆದಿತ್ಯವಾರ ಎಲ್ಲರೂ ಬನ್ನಿ, ಹನ್ನೆರಡೂ ಜನ. ಊಟಕ್ಕೆ ಕೋರಿರೊಟ್ಟಿ, ಇವಳೇ ಮಾಡ್ತಾಳೆ. ಇನ್ನು ಪ್ರತಿ ವಾರವೂ ಬನ್ನಿ ಮಾರಾಯ್ತಿ, ಇವಳು ಮರೆಯುವುದಿಲ್ಲ. ಡಾಕ್ಟ್ರು ಬರೆದು ಕೊಟ್ಟಿದ್ದಾರೆ."