ಫ್ರಿಜ್ಜಿನಲ್ಲಿಟ್ಟ ಕಲ್ಲು

ವಸ್ತುಸಂಗ್ರಹಾಲಯದ ಫ್ರಿಜ್ಜಿನಲ್ಲಿ ಊಟದ ಡಬ್ಬಿಗಳ ನಡುವೆ ಕಲ್ಲೊಂದನ್ನು ಇಟ್ಟಿದ್ದೇ ತಪ್ಪಾಯಿತು.

ಇಟ್ಟವನು ಖನಿಜ ವಿಭಾಗದ ತಾತ್ಕಾಲಿಕ ಸಹಾಯಕ. ಕಲ್ಲು ಬಿಟ್ಟರೆ ಬೇರೆ ಮಾತೇ ಇಲ್ಲದ ಪ್ರಾಣಿ; ಹಾಗಾಗಿ ಎಲ್ಲರ ಬಾಯಲ್ಲೂ ಕಲ್ಲಪ್ಪ. ಹಿಮಗಡಲಿನ ತಳದಿಂದ ಬಂದ ಮಾದರಿಗಳಲ್ಲಿ ಅವನಿಗೊಂದು ಕಲ್ಲುಸಕ್ಕರೆಯಂಥ ಹರಳು ಸಿಕ್ಕಿತ್ತು. ಇಕೈಟ್ ಎಂಬ ಅಪರೂಪದ ಕಾರ್ಬೊನೇಟ್ ಇರಬೇಕೆಂದು ಅವನ ಅನುಮಾನ. ಸಂಜೆ ಬರುವ ತಜ್ಞರು ಹೌದೆಂದರೆ ಅವನ ಕೆಲಸ ಕಾಯಂ ಎಂದು ನಿರ್ದೇಶಕರು ಮಾತು ಕೊಟ್ಟಿದ್ದರು.

"ಕಲ್ಲಿಗೂ ಸೆಕೆಯೇನ್ರೀ?" ಲೆಕ್ಕಪತ್ರದ ಮೇಡಂ ಫ್ರಿಜ್ಜಿನ ಬಾಗಿಲು ತೆರೆದುಕೊಂಡೇ ಕೇಳಿದರು.

"ದಮ್ಮಯ್ಯ, ಬಾಗಿಲು ಹಾಕಿ ಮೇಡಂ! ಅದರ ಮೈಯೊಳಗೇ ನೀರಿದೆ. ಬೆಚ್ಚಗಾದ್ರೆ ನೀರು ಬಿಟ್ಟು, ಬರೀ ಕ್ಯಾಲ್ಸೈಟ್ ಪುಡಿ ಆಗ್ಬಿಡತ್ತೆ. ಅದು ಎಲ್ಲೆಂದ್ರಲ್ಲಿ ಬಿದ್ದಿರತ್ತೆ."

ಇಷ್ಟು ಹೇಳಬಾರದಿತ್ತು. ಕರಗುವ ಕಲ್ಲನ್ನು ನೋಡಲು ಕಚೇರಿಗೆ ಕಚೇರಿಯೇ ಫ್ರಿಜ್ಜಿನ ಮುಂದೆ ಸಾಲುಗಟ್ಟಿತು. ಗ್ರಂಥಪಾಲಕರು, "ಕಾರ್ಬೊನೇಟ್ ಆದ್ರೆ ಆಮ್ಲಕ್ಕೆ ನೊರೆ ಬರ್ಬೇಕಲ್ವಾ?" ಎನ್ನುತ್ತ ನಿಂಬೆಹೋಳು ಹಿಡಿದೇ ಬಂದರು. ಅವರನ್ನು ಸಾಗಹಾಕಿ ಬರುವಷ್ಟರಲ್ಲಿ ಮೇಡಂ ಫ್ರಿಜ್ ಆರಿಸಿ ಒಳಗೆಲ್ಲ ಒರೆಸುತ್ತಿದ್ದರು.

"ನಿಮ್ಮ ಕಲ್ಲಿಗೆ ಅಂತಾನೇ ಚೊಕ್ಕ ಮಾಡ್ತಿದೀನಿ ಕಣಪ್ಪ."

ಪಾಪ, ಪ್ರೀತಿಯಿಂದಲೇ ಮಾಡಿದ್ದು. ಬೈಯಲು ಬಾಯಿ ಬರದೆ ಕಲ್ಲಪ್ಪ ಹರಳನ್ನು ಎತ್ತಿಕೊಂಡು ಎದುರಿನ ಜ್ಯೂಸ್ ಅಂಗಡಿಗೆ ಓಡಿದ. ಅಂಗಡಿಯವನು ಅದನ್ನು ಐಸ್ ಡಬ್ಬಿಗೆ ಹಾಕಿಕೊಂಡ. ಉಸ್ಸೆಂದು ಕೂತು ಬೆವರು ಒರೆಸಿಕೊಂಡು ನೋಡಿದರೆ, ಹರಳು ಪಕ್ಕದ ಅಜ್ಜನ ಲೋಟದ ತಳದಲ್ಲಿ ಕೂತಿತ್ತು!

"ಅಜ್ಜಾ, ಕುಡೀಬೇಡಿ!" ಕಲ್ಲಪ್ಪ ಲೋಟಕ್ಕೆ ಕೈ ಹಾಕಿದ.

"ಏನಯ್ಯಾ, ಮರ್ಯಾದೆ ಬೇಡ್ವಾ?" ಎಂದು ಅಜ್ಜ ಕೋಲೆತ್ತಿದರು. ಒಂದೇಟು ಬಿತ್ತು. ಆದರೂ ಹರಳು ಉಳಿಯಿತು, ಅದೇ ಪುಣ್ಯ. ಅಲ್ಲಿಂದ ಸಂಜೆಯವರೆಗೂ ಕಲ್ಲಪ್ಪ ಮಂಜುಗಡ್ಡೆಯ ಬಕೆಟ್ಟನ್ನು ಎದೆಗವಚಿಕೊಂಡೇ ಕೂತ.

ತಜ್ಞರು ಬಂದರು. ವಯಸ್ಸಾದವರು, ಕರುಣಾಳು ಮುಖ. ಹರಳನ್ನು ಎತ್ತಿ ಬೆಳಕಿಗೆ ಹಿಡಿದರು. ಕಣ್ಣು ಅರಳಿತು. ಮುಷ್ಟಿಯಲ್ಲಿಟ್ಟುಕೊಂಡು ಮಾತು ಶುರುಮಾಡಿದರು.

"ಕಾರ್ಬೊನೇಟ್‌ಗಳದು ದೊಡ್ಡ ಸಂಸಾರ. ಕ್ಯಾಲ್ಸೈಟ್ ಮನೆಯ ಹಿರೀಮಗ, ಊರೆಲ್ಲ ಅವನೇ. ಇಕೈಟ್ ಮಾತ್ರ ನೀರು ಹಿಡಿದಿಟ್ಟುಕೊಂಡಿರೋ ಶಾಖೆ. ಹಗುರ, ಉಗುರಿಗಿಂತ ಒಂಚೂರು ಗಟ್ಟಿ..."

"ಸಾರ್, ಕೈ..." ಎಂದ ಕಲ್ಲಪ್ಪ. ನಿರ್ದೇಶಕರು ಕಣ್ಣು ಕೆಕ್ಕರಿಸಿದರು.

"ಮಧ್ಯೆ ಬಾಯಿ ಹಾಕ್ಬೇಡಪ್ಪ, ಮುಖ್ಯವಾದ ಗುಣ ಈಗ ಬರತ್ತೆ," ಎಂದು ತಜ್ಞರು ಮುಂದುವರಿಸಿದರು. ಅವರ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಲ್ಲಪ್ಪನಿಗೆ ಅಳುವೇ ಬಂತು.

ಭಾಷಣ ಮುಗಿಸಿ ಮುಷ್ಟಿ ಬಿಚ್ಚಿದವರು ಅಂಗೈಯಲ್ಲಿದ್ದ ಬಿಳಿ ರಾಡಿಯನ್ನು ಕನ್ನಡಕ ಏರಿಸಿ ನೋಡಿದರು.

"ಅಯ್ಯೋ, ಇದು ಕ್ಯಾಲ್ಸೈಟ್ ಕಣಪ್ಪ!"

"ಈಗ ಹೌದು ಸಾರ್."

ತಜ್ಞರು ಅದೇ ಒದ್ದೆ ಕೈಯಿಂದ ಅವನ ಬೆನ್ನು ಸವರಿದರು. "ಬೇಜಾರು ಮಾಡ್ಕೋಬೇಡ. ನಿಜವಾದ ಇಕೈಟ್ ಸಿಕ್ಕಿದ್ರೆ ಮಾತ್ರ ಹುಷಾರು. ಯಾರ ಕೈಗೂ ಕೊಡ್ಬೇಡ."